‘ಗಂಗಾ ಸ್ನಾನ, ತುಂಗಾ ಪಾನ’: ಪದಪದದ ವ್ಯಾಖ್ಯಾನ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಎಲ್ಲರ ಬಾಯಲ್ಲೂ ಇರುವ ಗಾದೆ ಇದು. ಮೀಯಲು ಗಂಗೆ, ಕುಡಿಯಲು ತುಂಗೆ ಎಂಬುದು ಮೇಲ್ನೋಟದ ಅರ್ಥ. ಎರಡು ಬಗೆಯ ನದಿಗಳ ಭೂಗೋಳವೂ ಇದರಲ್ಲಿ ಅಡಗಿದೆ.

ಗಂಗಾ: ಹಿಮದಿಂದ ಹೊರಡುವ ನದಿ. ಗಂಗೋತ್ರಿ ಹಿಮನದಿಯ ತುದಿಯಾದ ಗೋಮುಖದಲ್ಲಿ ಭಾಗೀರಥಿಯಾಗಿ ಹೊರಬಂದು, ದೇವಪ್ರಯಾಗದಲ್ಲಿ ಅಲಕನಂದೆಯನ್ನು ಕೂಡಿ ಗಂಗೆ ಎನಿಸುತ್ತದೆ. ಮುಂಗಾರಿನಲ್ಲಿ ಮಳೆಯೇ ಅದನ್ನು ತುಂಬಿಸುತ್ತದೆ. ಬೇಸಿಗೆಯಲ್ಲಿ ಮಾತ್ರ ಕರಗುವ ಹಿಮ ಅದರ ಮೇಲ್ಭಾಗದ ಕೈಹಿಡಿಯುತ್ತದೆ.

ಸ್ನಾನ: ಲಕ್ಷಾಂತರ ಜನ ಒಟ್ಟಿಗೆ ಮೀಯಲು ವಿಶಾಲ ಪಾತ್ರ ಬೇಕು, ಬಯಲಿಗಿಳಿದ ಗಂಗೆಗೆ ಅದಿದೆ. ಪಶ್ಚಿಮ ಬಂಗಾಳದ ಫರಕ್ಕಾದ ಕೆಳಗೆ ಅದರ ಮುಖ್ಯ ಹರಿವು ಬಾಂಗ್ಲಾದೇಶ ಸೇರಿ ಪದ್ಮಾ ಆಗುತ್ತದೆ. ಜನವರಿಯಿಂದ ಮೇ ತನಕದ ನೀರನ್ನು ಹಂಚಿಕೊಳ್ಳಲು ಎರಡೂ ದೇಶಗಳು 1996ರಲ್ಲಿ 30 ವರ್ಷಗಳ ಒಪ್ಪಂದ ಮಾಡಿಕೊಂಡವು. ಹಿಮದ ಆಸರೆಯಿದ್ದರೂ ಬೇಸಿಗೆಯ ನೀರಿಗೆ ಲೆಕ್ಕ ಇಡಲೇಬೇಕಾಯಿತು.

ತುಂಗಾ: ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ಕೊಪ್ಪ ತಾಲ್ಲೂಕಿನ ಹರಿಹರಪುರ, ತೀರ್ಥಹಳ್ಳಿಗಳ ಮೇಲೆ ಹರಿಯುತ್ತದೆ. ಅಲ್ಲೇ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಬಳಿ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಕೂಡಲಿಯಲ್ಲಿ ಎರಡೂ ಒಂದಾಗಿ ತುಂಗಭದ್ರೆ. ಇದಕ್ಕೂ ಗಡಿ ತಪ್ಪಿದ್ದಲ್ಲ: ಕರ್ನಾಟಕ ಬಿಟ್ಟು ಆಂಧ್ರ, ತೆಲಂಗಾಣಗಳ ನಡುವೆ ಸಾಗಿ ಸಂಗಮೇಶ್ವರದ ಬಳಿ ಕೃಷ್ಣೆಯನ್ನು ಸೇರುತ್ತದೆ. ಮಂತ್ರಾಲಯದ ಭಕ್ತರು ಮೀಯುವುದು ನಮ್ಮ ಮಲೆನಾಡಿನಿಂದ ಹೊರಟ ಈ ಹೊಳೆಯಲ್ಲೇ.

ಪಾನ: ಗಾದೆಯ ತಿರುಳು ಇಲ್ಲಿದೆ. ತುಂಗೆಗೆ ಹಿಮವಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ಅದರ ವರ್ಷದ ಗಳಿಕೆ. ಆ ಗಳಿಕೆಯನ್ನು ಕೂಡಿಡುವ ಕಣಜ ಘಟ್ಟದ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡು. ತರಗೆಲೆಯ ಹಾಸು, ಬೇರು, ಸಡಿಲ ಮಣ್ಣು ಮಳೆನೀರನ್ನು ಹೀರಿ, ಒರತೆಯಾಗಿ ಜಿನುಗಿಸಿ, ಹಳ್ಳಗಳ ಮೂಲಕ ಬೇಸಿಗೆಯಲ್ಲೂ ಹೊಳೆಗೆ ಕೊಡುತ್ತವೆ. ಗುಡ್ಡ ಬೋಳಾದರೆ ಅದೇ ಮಳೆ ಕೆಂಪು ಮಣ್ಣು ಹೊತ್ತು ಒಂದೇ ಓಟದಲ್ಲಿ ಇಳಿದುಹೋಗುತ್ತದೆ. ಭದ್ರೆಯ ಮೇಲ್ಪಾತ್ರದ ಕುದುರೆಮುಖ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತದ್ದು ಈ ನೀರಿನ ಪುಣ್ಯ.

ತಾತ್ಪರ್ಯ: ಗಂಗೆಯ ಹಿಮವನ್ನು ಕಾಯುವುದು ನಮ್ಮೊಬ್ಬರ ಕೈಯಲ್ಲಿಲ್ಲ, ತುಂಗೆಯ ಶೋಲಾ ನಮ್ಮ ಕೈಯಲ್ಲೇ ಇದೆ. ಹೊಳೆಗೆ ಕೊಳಚೆ ಬಿಡದಿರುವುದು, ಒರತೆಯ ಸುತ್ತ ಕಾಡು ಕಡಿಯದಿರುವುದು, ಮೂರೂ ತಾಲ್ಲೂಕಿನವರ ಕರ್ತವ್ಯ. ತುಂಗಾ ಪಾನವನ್ನು ಹೊಗಳುವವರು ಮೊದಲು ತುಂಗೆಯ ಕಾಡನ್ನು ಕಾಯಲಿ.