ಹೆಸರೊಂದೇ ಸಾಕ್ಷಿಯಾಗದು

ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಈ ವರ್ಷ ಮೂವರು ಬಸವರಾಜರಿದ್ದಾರೆ. ಬರಿಯ ಹೆಸರು ಕೂಗಿದರೆ ಮೂವರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಒಬ್ಬ ಬಾರದ ದಿನ ಉಳಿದಿಬ್ಬರಲ್ಲಿ ಒಬ್ಬ ಅವನ ಪಾಲಿನ ಹಾಜರಿಯನ್ನೂ ಸಲ್ಲಿಸಿಬಿಡುತ್ತಾನೆ. ಆದುದರಿಂದ ನಾನು ಅವರನ್ನು ಅಡ್ಡಹೆಸರಿನಿಂದಲೇ ಕೂಗುತ್ತೇನೆ: ಅಂಗಡಿ, ಮೆಣಸಿನಕಾಯಿ, ಬಳಿಗಾರ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಯ ಇಂಥ ಅಡ್ಡಹೆಸರುಗಳನ್ನು ಕೇಳಿ ಹೊರಗಿನವರು ನಗುವುದುಂಟು. ನಗಲಿ. ಒಂದೇ ಓಣಿಯಲ್ಲಿ ನಾಲ್ವರು ಬಸಪ್ಪಂದಿರಿರುವಲ್ಲಿ ಟಪಾಲಿನವನಿಗೂ ಸಾಲ ಕೊಟ್ಟವನಿಗೂ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಆದರೆ ಓಲೆಗರಿಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಈ ಅನುಕೂಲ ಯಾವಾಗಲೂ ದೊರೆಯುವುದಿಲ್ಲ. ಅಲ್ಲಿ ಒಂದು ಹೆಸರು ಕಂಡೊಡನೆ, ಅದು ನಮಗೆ ಪರಿಚಿತನಾದ ದೊಡ್ಡವನದೇ ಇರಬೇಕೆಂದು ಮನಸ್ಸು ಹಾತೊರೆಯುತ್ತದೆ. ಸಂಸ್ಕೃತದಲ್ಲಿ ರಾಜಶೇಖರನ ಕಾಲಕ್ಕಾಗಲೇ ಮೂವರು ಕಾಳಿದಾಸರ ಮಾತು ಹುಟ್ಟಿತ್ತೆಂದು ಅವನ ಹೆಸರಿನ ಒಂದು ಶ್ಲೋಕದಿಂದ ತಿಳಿಯುತ್ತದೆ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೂ ಈ ತೊಡಕು ಹೊಸದಲ್ಲ. ಇದು ಸಂಶೋಧಕರ ಒಣ ಲೆಕ್ಕಾಚಾರ, ರಸಿಕರಿಗೆ ಇದರಿಂದ ಏನಾಗಬೇಕು ಎನ್ನುವವರುಂಟು. ಕಾವ್ಯವನ್ನು ಓದುವ ಬಗೆಯೇ ಇದರ ಮೇಲೆ ನಿಂತಿದೆ ಎಂಬುದು ನನ್ನ ವಾದ.

ಮೊದಲು ನಾಗವರ್ಮನ ಸಂಗತಿಯನ್ನು ನೋಡೋಣ. 'ಛಂದೋಂಬುಧಿ', 'ಕರ್ಣಾಟಕ ಕಾದಂಬರಿ', 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ', 'ವಸ್ತುಕೋಶ' ಇವೆಲ್ಲವೂ ನಾಗವರ್ಮನೆಂಬ ಹೆಸರಿನಲ್ಲಿ ಬಂದಿವೆ. ಕಿಟೆಲ್ಲರು ಮಂಗಳೂರಿನಲ್ಲಿ 'ಛಂದೋಂಬುಧಿ'ಯನ್ನು 1875ರಲ್ಲಿ ಅಚ್ಚು ಮಾಡಿಸಿದ ಕಾಲಕ್ಕೆ ಇವರೆಲ್ಲ ಒಬ್ಬನೇ ಎಂಬ ಭಾವನೆ ಬಳಕೆಯಲ್ಲಿತ್ತು. ಮುಂದೆ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯಲ್ಲಿ (ಅದರ ಮೊದಲ ಸಂಪುಟ 1907ರದು) ಇಬ್ಬರು ನಾಗವರ್ಮರು ಬೇರೆ ಬೇರೆಯಾಗಿ ನಿಂತರು. ಹತ್ತನೆಯ ಶತಮಾನದ ಕೊನೆಯವನೊಬ್ಬ, ಛಂದಸ್ಸನ್ನು ಬರೆದವನು, ರಕ್ಕಸಗಂಗನನ್ನು ಸ್ಮರಿಸುವವನು. ಇನ್ನೊಬ್ಬ ದಾಮೋದರನ ಮಗ, ಅಲಂಕಾರ, ವ್ಯಾಕರಣ, ನಿಘಂಟುಗಳ ಕರ್ತೃ. ಇವರನ್ನು ಬೇರ್ಪಡಿಸಿದ್ದು ತಂದೆಯ ಹೆಸರು, ಆಶ್ರಯದಾತನ ಹೆಸರು ಮೊದಲಾದ ಒಳಗಿನ ಸಾಕ್ಷ್ಯಗಳೇ. 'ಛಂದೋಂಬುಧಿ'ಯ ಕರ್ತೃವೂ 'ಕಾದಂಬರಿ'ಯ ಕರ್ತೃವೂ ಒಬ್ಬನೇ ಹೌದೋ ಎಂಬ ಸಂದೇಹವನ್ನು ಕೂಡ ಕೆಲವರು ಎತ್ತಿದ್ದಾರೆ.

ಇಲ್ಲಿಗೆ ಮುಗಿಯಿತೆಂದು ಉಸಿರು ಬಿಡುವಂತಿಲ್ಲ. ಎರಡನೆಯ ನಾಗವರ್ಮನು ಚಾಲುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದನೆಂದು ಹೇಳುತ್ತಾರೆ. ಯಾವ ಜಗದೇಕಮಲ್ಲ? ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದ ಜಯಸಿಂಹನಿಗೂ ಆ ಬಿರುದಿತ್ತು. 1138ರಲ್ಲಿ ಪಟ್ಟಕ್ಕೆ ಬಂದವನಿಗೂ ಅದೇ ಹೆಸರು. ಕವಿಚರಿತಕಾರರು ಎರಡನೆಯವನನ್ನು ಹಿಡಿದು ಕವಿಯನ್ನು 1145ರ ಸುಮಾರಿಗೆ ಇಟ್ಟರು. ನಾಗವರ್ಮನೆಂಬ ಹೆಸರಿನದೇ ಆದ 1042ರ 'ವರ್ಧಮಾನ ಪುರಾಣ' ಬೆಳಕಿಗೆ ಬಂದ ಮೇಲೆ, ಕವಿ ಜಯಸಿಂಹನ ಕಾಲದವನೆಂಬ ಪಕ್ಷಕ್ಕೆ ಬಲ ಬಂದಿತು. ಕವಿಯ ಹೆಸರಿನ ತೊಡಕನ್ನು ಬಿಡಿಸಲು ಅರಸನ ಹೆಸರನ್ನು ಹಿಡಿದೆವು. ಅರಸನ ಹೆಸರೇ ಇನ್ನೊಂದು ತೊಡಕಾಯಿತು. ನಡುವೆ ಅಲುಗಾಡುವುದು ಒಂದು ಶತಮಾನ. 'ಕಾವ್ಯಾವಲೋಕನ'ದಲ್ಲಿ ಹಿಂದಿನ ಕವಿಗಳ ಪದ್ಯಗಳು ಉದಾಹರಣೆಗಳಾಗಿ ಬಂದಿರುವುದರಿಂದ, ಅದರ ಕಾಲ ಸರಿದರೆ ಅದನ್ನು ನಂಬಿ ನಿರ್ಣಯಿಸಿದ ಇತರ ಕವಿಗಳ ಕಾಲವೂ ಸರಿಯುತ್ತದೆ.

ವಿಮರ್ಶಕನ ಅಪರಾಧ ಇನ್ನೂ ದೊಡ್ಡದಾಗಬಹುದು. ಐದು ಗ್ರಂಥಗಳೂ ಒಬ್ಬನವೆಂದು ನಂಬಿದವನು, ತಾರುಣ್ಯದಲ್ಲಿ ಬಾಣನ ಕಾದಂಬರಿಯನ್ನು ಕನ್ನಡಿಸಿದ ರಸಿಕನು ಮುಪ್ಪಿನಲ್ಲಿ ವೈಯಾಕರಣನಾದನೆಂದು ಒಂದು ಸೊಗಸಾದ ಮನೋವಿಕಾಸದ ಕಥೆಯನ್ನೇ ಹೆಣೆದಾನು. ಕಥೆ ಎಷ್ಟು ಸೊಗಸಾದರೂ ಅಂಥ ಮನುಷ್ಯನೊಬ್ಬ ಹುಟ್ಟಿರಲೇ ಇಲ್ಲ.

ಇನ್ನು ಶಾಸನಗಳ ಕಡೆಗೆ ಬರೋಣ. ವಿಜಾಪುರ ಸೀಮೆಯ ಮನಗೂಳಿಯಲ್ಲಿ ಬಿಜ್ಜಳನ ಕಾಲದ ಶಾಸನವೊಂದಿದೆ. ಅದರಲ್ಲಿ ದೇವಾಲಯ ಕಟ್ಟಿಸಿದ ಒಬ್ಬ ಬಸವನಿದ್ದಾನೆ, ಒಬ್ಬ ಮಾದಿರಾಜನೂ ಇದ್ದಾನೆ. ಕಾಲ ಬಿಜ್ಜಳನದು, ಬಾಗೇವಾಡಿಯೂ ದೂರವಲ್ಲ, ಹೆಸರುಗಳೂ ಎರಡು ಕೂಡಿದವು. ಫ್ಲೀಟ್ ಸಾಹೇಬರು ಇಲ್ಲಿ ಬಸವೇಶ್ವರರನ್ನೇ ಕಂಡರು. ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ಆದರೆ ಆ ಶಾಸನದ ಮಾದಿರಾಜ ಊರಿನ ಮಹಾಪ್ರಭು, ಬಸವನಿಗೆ ತಂದೆಯಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನದಲ್ಲಾದರೋ ಮಾದಿರಾಜನ ಮಗನಾದ 'ಸಂಗನ ಬಸವ'ನೇ ಕಾಣಿಸಿಕೊಳ್ಳುತ್ತಾನೆ. ಇಲ್ಲಿ ಹೆಸರಿನ ಜೊತೆಗೆ ತಂದೆಯ ಸಂಬಂಧವಿದೆ, ವಚನಗಳ ಅಂಕಿತಕ್ಕೆ ಹೊಂದುವ ದೈವದ ಸಂಬಂಧವಿದೆ. ಎರಡು ಹೆಸರು ಒಂದು ಕಲ್ಲಿನ ಮೇಲಿದ್ದರೆ ಸಾಲದು. ಅವುಗಳ ನಡುವಣ ನಂಟನ್ನು ಆ ಕಲ್ಲು ತಾನೇ ಹೇಳಬೇಕು. ಮನಗೂಳಿಗೂ ಅರ್ಜುನವಾಡಕ್ಕೂ ಇರುವ ಅಂತರ ಇಷ್ಟೇ.

ದೊಡ್ಡವರ ವಿಷಯ ಹೇಗಾದರೂ ಇತ್ಯರ್ಥವಾದೀತು. ಅವರಿಗಾಗಿ ವಾದಿಸಲು ವಿದ್ವಾಂಸರ ದಂಡೇ ಇದೆ. ನನಗೆ ಮರುಕ ಹುಟ್ಟುವುದು ಚಿಕ್ಕವರನ್ನು ಕಂಡು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ಕಾಳವ್ವೆಯ ವಚನಗಳ ಮೇಲೆ ಪ್ರಬಂಧ ಬರೆದು ತಂದಳು. ಭಾಷೆ ಚೆನ್ನಾಗಿತ್ತು, ಭಾವವೂ ಇತ್ತು. ನಾನು ಮೆಚ್ಚಿ ಒಳ್ಳೆಯ ಅಂಕಗಳನ್ನೇ ಕೊಟ್ಟೆ. ಆ ಪ್ರಬಂಧದ ಕಾಳವ್ವೆ ಒಬ್ಬಳಲ್ಲ, ಮೂವರೆಂಬುದು ಹೊಳೆದದ್ದು ವಾರವೊಂದು ಕಳೆದ ಮೇಲೆ, ಬೇರೆ ಯಾವುದನ್ನೋ ಹುಡುಕಲು ವಚನ ಸಂಪುಟವನ್ನು ತೆರೆದಾಗ. ತಪ್ಪು ಹುಡುಗಿಯದಲ್ಲ, ಹಾಜರಿಯಲ್ಲಿ ಮೂವರು ಬಸವರಾಜರನ್ನು ಬೇರೆ ಮಾಡಬಲ್ಲ ಮಾಸ್ತರನದು.

ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಒಬ್ಬಳು. ಬಾಚಿಕಾಯಕದ ಬಸವಯ್ಯನ ಪುಣ್ಯಸ್ತ್ರೀ ಕಾಳವ್ವೆ ಇನ್ನೊಬ್ಬಳು. ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ ಮತ್ತೊಬ್ಬಳು. ಮೊದಲನೆಯವಳ ಅಂಕಿತ 'ಉರಿಲಿಂಗಪೆದ್ದಿಗಳರಸ', ಎರಡನೆಯವಳದು 'ಕರ್ಮಹರ ಕಾಳೇಶ್ವರ'. ಮೂವರೂ ಬಿಟ್ಟು ಹೋದ ವಚನಗಳು ಬೆರಳೆಣಿಕೆಯವು. ಇವರನ್ನು ಒಬ್ಬಳನ್ನಾಗಿ ಮಾಡಿದರೆ ಏನು ಕೆಟ್ಟಿತು? ಒಂದೇ ಉದಾಹರಣೆಯನ್ನು ಕೊಡುತ್ತೇನೆ. ಎರಡನೆಯ ಕಾಳವ್ವೆಯ ಒಂದು ವಚನದಲ್ಲಿ, ಕೆತ್ತುವಾಗ ಕೈ ತಪ್ಪಿದರೆ ಏಟು ಕಾಲಿಗೇ ಬೀಳುವ ಮಾತು ಬರುತ್ತದೆ. ಅಲ್ಲಿಂದ ಅವಳು ತಪ್ಪಿ ಆಡಿದ ನುಡಿಗೂ ವ್ರತಹೀನರ ಸಂಗಕ್ಕೂ ಹೋಗುತ್ತಾಳೆ. ಬಾಚಿಯೆಂದರೆ ಬಡಗಿಯ ಕೈಯ ಆಯುಧ. ದಿನವೂ ಮರದ ಹೊಟ್ಟು ಗುಡಿಸಿದ, ಗಂಡನ ಕಾಲಿನ ಗಾಯಕ್ಕೆ ಅರಿವೆ ಕಟ್ಟಿದ ಹೆಂಗಸಿನ ಮಾತು ಅದೆಂದು ತಿಳಿದೊಡನೆ ಆ ಹೋಲಿಕೆ ಅಲಂಕಾರವಾಗಿ ಉಳಿಯುವುದಿಲ್ಲ, ಅನುಭವವಾಗುತ್ತದೆ. ಮೊದಲನೆಯ ಕಾಳವ್ವೆ ಕುಲಜರೆನಿಸಿಕೊಂಡವರ ಹಮ್ಮನ್ನು ತಿವಿಯುತ್ತಾಳೆ. ಅಂತ್ಯಜ ಕುಲದಲ್ಲಿ ಹುಟ್ಟಿ ಗುರುಪೀಠವೇರಿದನೆಂದು ಪ್ರಸಿದ್ಧನಾದವನ ಮಡದಿಯ ಬಾಯಲ್ಲಿ ಆ ಮಾತಿಗೆ ಬರುವ ಕಾವು ಬೇರೆ ಯಾರ ಬಾಯಲ್ಲಿಯೂ ಬಾರದು. ಮೂವರನ್ನು ಬೆರೆಸಿದರೆ ಬಡಗಿಯ ಮನೆಯೂ ಅಳಿಯಿತು, ಉರಿಲಿಂಗಪೆದ್ದಿಯ ಮನೆಯೂ ಅಳಿಯಿತು.

ಗಂಡನ ಹೆಸರಿನಿಂದ ಹೆಣ್ಣನ್ನು ಗುರುತಿಸುವುದು ಇಂದಿನ ಓದುಗರಿಗೆ ಹಿಡಿಸದಿರಬಹುದು. ನನಗೂ ಹಿಡಿಸುವುದಿಲ್ಲ. ಆದರೆ ಆ ಉದ್ದನೆಯ ತಲೆಬರಹವನ್ನು ಕತ್ತರಿಸಿ 'ಕಾಳವ್ವೆ' ಎಂದಷ್ಟೇ ಬರೆದರೆ ಅವಳಿಗೆ ಸ್ವಾತಂತ್ರ್ಯ ಬಂದಂತಾಗುವುದಿಲ್ಲ. ಅವಳ ವಿಳಾಸವೇ ಕಳೆದುಹೋಗುತ್ತದೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ 15 ಸಂಪುಟಗಳ ವಚನ ಮಾಲೆಯಂಥ ಕೆಲಸದ ಬೆಲೆ ಇರುವುದು ಇಲ್ಲಿಯೇ: ಯಾರ ವಚನ ಯಾರದೆಂದು ಪ್ರತ್ಯೇಕವಾಗಿ ಇಟ್ಟಿರುವುದರಲ್ಲಿ.

ಇದಕ್ಕೆ ತಿರುಗುಮುರುಗಾದ ಅಪಾಯವೂ ಉಂಟೆಂದು ವಾಚಕರು ನೆನಪಿಸಬಹುದು. ಒಬ್ಬನನ್ನೇ ಇಬ್ಬರನ್ನಾಗಿ ಸೀಳುವುದು ಅದು. ಸಾಧನಕೇರಿಯ ಬೇಂದ್ರೆಯವರನ್ನೂ ಅಂಬಿಕಾತನಯದತ್ತರನ್ನೂ ಮುಂದಿನ ಸಾವಿರ ವರ್ಷಗಳ ತರುವಾಯ ಯಾವನಾದರೂ ಪಂಡಿತ ಇಬ್ಬರು ಸಮಕಾಲೀನರೆಂದು ಸಾಧಿಸಿದರೆ ಆಶ್ಚರ್ಯವಿಲ್ಲ. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೋ ಇಬ್ಬರೋ ಎಂಬ ವಾದವಂತೂ ಬಲ್ಲವರಲ್ಲಿ ಬಹುಕಾಲದಿಂದ ನಡೆದಿದೆ. ಆದರೂ ಎರಡು ತಪ್ಪುಗಳೂ ಸಮವಲ್ಲ. ತಪ್ಪಾಗಿ ಬೇರೆಯಿಟ್ಟ ಎರಡು ರಾಶಿಗಳನ್ನು, ಹೊಸ ಸಾಕ್ಷ್ಯ ದೊರೆತ ದಿನ, ಒಂದುಗೂಡಿಸುವುದು ಸುಲಭ. ತಪ್ಪಾಗಿ ಬೆರೆಸಿದ ಜೋಳವನ್ನೂ ಸಜ್ಜೆಯನ್ನೂ ಮತ್ತೆ ಆರಿಸಿ ಬೇರೆ ಮಾಡುವುದು ಎಷ್ಟು ಕಷ್ಟವೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಬೇಕು. ಆದ್ದರಿಂದ ಹೆಸರಿನ ಜೊತೆಗೆ ತಂದೆ, ಗುರು, ಊರು, ಕಾಯಕ, ಅಂಕಿತ ಇವುಗಳಲ್ಲಿ ಒಂದಾದರೂ ಕೂಡಿ ಬರುವ ತನಕ ಬೇರೆಯಾಗಿಯೇ ಇಡುವುದು ಲೇಸು.

ಆ ವಿದ್ಯಾರ್ಥಿನಿಯನ್ನು ಮರುದಿನ ಕರೆದು ನಡೆದುದನ್ನು ಹೇಳಿದೆ. ಅಂಕಗಳನ್ನು ಕಡಿಮೆ ಮಾಡಲಿಲ್ಲ. ಅವು ನನ್ನ ಅಜ್ಞಾನದ ದಂಡವೆಂದು ಹಾಗೆಯೇ ಇರಗೊಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಸರ್, ಮೂರು ಪ್ರಬಂಧ ಬರೀಬೇಕಾಗಿತ್ತರಿ" ಎಂದಳು.