ಆನ್‌ಲೈನ್ ಪದವಿ ಮತ್ತು ಉದ್ಯೋಗದಾತರ ಅಳತೆಗೋಲು

ಆನ್‌ಲೈನ್ ಪದವಿಗೆ ಕಾನೂನಿನ ಬೆಂಬಲವಿದೆ. ಅನುಮತಿ ಪಡೆದ ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ನೀಡುವ ಪದವಿ ರೆಗ್ಯುಲರ್ ಪದವಿಗೆ ಸಮ ಎನ್ನುತ್ತದೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿ. 2022ರ ಸೆಪ್ಟೆಂಬರ್‌ನಲ್ಲಿ ಆಯೋಗ ಅದನ್ನೇ ಮತ್ತೆ ಸ್ಪಷ್ಟಪಡಿಸಿತು. ಹಾಗಿದ್ದರೂ ‘ಪೂರ್ಣಾವಧಿ ವ್ಯಾಸಂಗ’ ಕೇಳುವ ನೇಮಕಾತಿ ಜಾಹೀರಾತುಗಳು ನಿಂತಿಲ್ಲ.

ಈ ಷರತ್ತು ಎಲ್ಲೆಡೆ ಒಂದೇ ತೂಕದ್ದಲ್ಲ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದ ಮೇಲೆ ಕಾರ್ಖಾನೆಗಳ ಊರಾದ ಜಾಲಹಳ್ಳಿಯನ್ನೂ ಪಕ್ಕದ ಪೀಣ್ಯವನ್ನೂ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಯಂತ್ರದ ಮುಂದೆ ನಿಲ್ಲುವ ಎಂಜಿನಿಯರ್‌ಗೆ ಪ್ರಯೋಗಾಲಯದ ಪಳಗಿಕೆ ಬೇಕೇ ಬೇಕು. ಎಂಜಿನಿಯರಿಂಗ್ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡಲು ಯುಜಿಸಿ ನಿಯಮವೂ ಬಿಡುವುದಿಲ್ಲ. ಇಂಥ ಹುದ್ದೆಗೆ ಷರತ್ತು ಸರಿ. ಆದರೆ ಅದೇ ಕಾರ್ಖಾನೆಯ ಲೆಕ್ಕಪತ್ರ, ಖರೀದಿ, ಸಿಬ್ಬಂದಿ ವಿಭಾಗಗಳಿಗೆ ಬಿ.ಕಾಂ., ಎಂಬಿಎ ಓದಿದವರು ಸಾಕು. ಪಾಳಿಯಲ್ಲಿ ದುಡಿಯುತ್ತಲೇ ಬಡ್ತಿಗಾಗಿ ಓದಿದವರನ್ನು ಅಲ್ಲಿಯೂ ಹೊರಗಿಡುವುದು ಅನುಭವವನ್ನೇ ಕಡೆಗಣಿಸಿದಂತೆ.

ಉದ್ಯೋಗದಾತರ ಅನುಮಾನಕ್ಕೆ ಕಾರಣಗಳಿಲ್ಲದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣದ ಪರಂಪರೆಯನ್ನು ಮುಂದುವರಿಸಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ವ್ಯಾಪ್ತಿ ಮೀರಿ ಅಧ್ಯಯನ ಕೇಂದ್ರಗಳನ್ನು ನಡೆಸಿದ್ದು ಸಂಸ್ಥೆ, ಸಂಕಷ್ಟ ಮಾತ್ರ ವಿದ್ಯಾರ್ಥಿಗಳದು. 2017ರಲ್ಲಿ ಸುಪ್ರೀಂ ಕೋರ್ಟ್ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳ ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗಳಿಗೆ ತಡೆಹಾಕಿದ್ದೂ ಈ ಶಂಕೆಯನ್ನು ಬಲಪಡಿಸಿತು.

ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿ ಬೇರೆ ದಾರಿ ತೋರಿಸಿದೆ. ಪಾಠ ಆನ್‌ಲೈನ್‌ನಲ್ಲಿ, ಮುಖ್ಯ ಪರೀಕ್ಷೆಗೆ ಮಾತ್ರ ನಿಗದಿತ ಕೇಂದ್ರಕ್ಕೆ ಬರಬೇಕು. ಪಾಠ ಕೇಳಿದ ಜಾಗ ಯಾವುದಾದರೂ, ಉತ್ತರ ಬರೆದವರು ಯಾರೆಂಬ ಖಾತರಿ ಸಿಗುತ್ತದೆ. ಉದ್ಯೋಗದಾತರಿಗೆ ಬೇಕಾದದ್ದೂ ಅದೇ.

ಹೀಗಾಗಿ ‘ಪೂರ್ಣಾವಧಿ’ ಎಂಬ ಷರತ್ತು ಅರ್ಜಿಗಳ ರಾಶಿಯನ್ನು ತಗ್ಗಿಸಬಲ್ಲದೇ ಹೊರತು ಯೋಗ್ಯತೆಯನ್ನು ಅಳೆಯಲಾರದು. ಪ್ರವೇಶ ಪಡೆದ ವರ್ಷದಲ್ಲಿ ಆ ಕೋರ್ಸಿಗೆ ಮಾನ್ಯತೆ ಇತ್ತೇ, ಪರೀಕ್ಷೆ ಹೇಗೆ ನಡೆಯಿತು, ಹುದ್ದೆಯ ಕೆಲಸವನ್ನು ಅಭ್ಯರ್ಥಿ ಮಾಡಿ ತೋರಿಸಬಲ್ಲರೇ ಎಂಬ ಮೂರು ಪ್ರಶ್ನೆಗಳು ಅದಕ್ಕಿಂತ ನ್ಯಾಯವಾದ ಅಳತೆ.