ಸುರುಳಿ ಬಿಚ್ಚಿಕೊಳ್ಳುವ ಹೊತ್ತು

ಮರಳವಾಡಿ ಕಡೆಯ ಹಳೇ ಟ್ರಂಕುಗಳ ತಳದಲ್ಲಿ ಮದುವೆ ಫೋಟೋಗಳ ಜೊತೆ ಬಿಗಿಯಾಗಿ ಸುರುಳಿ ಸುತ್ತಿಕೊಂಡ ನೆಗೆಟಿವ್‌ಗಳು ಸಿಗುತ್ತವೆ. 1960ರಲ್ಲಿ ಊಟಿಯಲ್ಲಿ ಶುರುವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮ್ ಆಗಲಿ, ಹೊರದೇಶದ್ದಾಗಲಿ, ಒಂದು ಮಗ್ಗುಲಿನ ಜೆಲಾಟಿನ್ ಒಣಗಿ ಕುಗ್ಗಿದಾಗ ಫಿಲ್ಮನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬಲವಂತವಾಗಿ ಬಿಡಿಸಿದರೆ ಬಿರಿಯುತ್ತದೆ. ಇಸ್ತ್ರಿ ಪೆಟ್ಟಿಗೆಯಂತೂ ಬೇಡವೇ ಬೇಡ.

ಬೇಕಾದದ್ದು ತೇವ. ಬೇಸಿಗೆಯಲ್ಲಿ ಹುಳುಮನೆಗೆ ಒದ್ದೆ ಗೋಣಿ ಕಟ್ಟುವ ಈ ರೇಷ್ಮೆ ಸೀಮೆಯವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಬಟ್ಟೆ, ಮೇಲೊಂದು ಜಾಲರಿ, ಅದರ ಮೇಲೆ ನೆಗೆಟಿವ್. ನೀರು ಮಾತ್ರ ತಾಗಕೂಡದು. ಸುರುಳಿ ತಾನಾಗಿ ಸಡಿಲುವುದನ್ನು ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡುವ ಆ ತಾಳ್ಮೆಯೇ ಈ ಕೆಲಸದಲ್ಲಿ ನನಗೆ ಅಚ್ಚುಮೆಚ್ಚು. ಹೆಚ್ಚು ಹೊತ್ತು ಬಿಟ್ಟರೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಸುರುಳಿ ಸಡಿಲಿದ ಮೇಲೆ ಅಂಚು ಹಿಡಿದು ತೆಗೆದು, ಬ್ಲಾಟಿಂಗ್ ಕಾಗದಗಳ ನಡುವೆ ಇಟ್ಟು, ಭಾರದ ಪುಸ್ತಕ ಹೇರಿ ಕೆಲವು ದಿನ ಬಿಡಬೇಕು. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಹಾಳಾಗುತ್ತಿದೆ ಎಂದರ್ಥ. ಅಂಥದ್ದನ್ನು ಬೇರೆಯಿಟ್ಟು, ಮೊದಲು ಸ್ಕ್ಯಾನ್ ಮಾಡಿಸಿ.